ತೋಕುಜಿಯ ಬಲಗೈ

ಓಯಿಕಾವ ತೋಕುಜಿ ಎಂದರೆ ನಮ್ಮ ಕಣಿವೆಯವರಿಗೆ ತಗಡಿನ ತೋಕುಜಿ. ಮನೆಗಳ ಮಾಡಿಗೆ ತಗಡು ಹೊದಿಸುವುದು, ಹಿಮ ಜಾರುವಾಗ ಕಿತ್ತುಕೊಂಡು ಹೋದ ಅಂಚನ್ನು ಮತ್ತೆ ಮಡಿಚಿ ಕೂರಿಸುವುದು, ಒಲೆಗೆ ಹೊಗೆಕೊಳವೆ ಮಾಡಿಕೊಡುವುದು ಅವನ ಕಸುಬು. ಅಪ್ಪನಿಂದ ಬಂದ ಕಸುಬು, ಅಪ್ಪನಿಂದಲೇ ಬಂದ ಮುಂಗೋಪ. ಮಾಡು ಸೋರುತ್ತದೆ ಎಂದು ಹೇಳಿಕಳಿಸಿದರೆ ಬರುತ್ತಿದ್ದ. ಆದರೆ ಏಣಿ ಹಾಕುವ ಮೊದಲು ಮನೆಯವರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, ಹೋದ ವರ್ಷವೇ ಯಾಕೆ ಹೇಳಲಿಲ್ಲ, ಆಳೆತ್ತರ ಹಿಮ ಹೊರುವ ಮಾಡೆಂದರೆ ಅಷ್ಟು ಸದರವಾಯಿತೇ ಎಂದು ಬೈಯುತ್ತಿದ್ದ. ಬೈಸಿಕೊಂಡವರೇ ಚಹಾ, ಹೊಗೆಯಾಡಿಸಿದ ಮೂಲಂಗಿ ಉಪ್ಪಿನಕಾಯಿ ಕೊಟ್ಟು ಕೂರಿಸುತ್ತಿದ್ದರು. ಅವನು ಕೂರಿಸಿದ ತಗಡು ಅಲುಗಿದ್ದನ್ನು ಯಾರೂ ಕಂಡಿರಲಿಲ್ಲ.

ಕತ್ತರಿಸಿ ಉಳಿದ ಹಿತ್ತಾಳೆ, ತಾಮ್ರದ ಚೂರುಗಳನ್ನು ಅವನು ಎಸೆಯುತ್ತಿರಲಿಲ್ಲ. ಚಳಿಗಾಲದಲ್ಲಿ ಊರು ಕಿಟಕಿಯ ಮಟ್ಟದವರೆಗೆ ಹಿಮದಲ್ಲಿ ಹೂತಿರುವಾಗ ಒಲೆಯ ಪಕ್ಕ ಕೂತು ಅವುಗಳನ್ನು ಹೆಬ್ಬೆರಳ ಉಗುರಿನಷ್ಟು ಎಲೆಗಳಾಗಿ ಕತ್ತರಿಸಿ, ಬಡಿದು ಹೊಟ್ಟೆ ಉಬ್ಬಿಸಿ, ತಂತಿಗೆ ಪೋಣಿಸಿ, ತುದಿಗೊಂದು ಗಾಳ ಸಿಕ್ಕಿಸುತ್ತಿದ್ದ. ನೀರಿನಲ್ಲಿ ಎಳೆದರೆ ಆ ಎಲೆ ತಂತಿಯ ಸುತ್ತ ಗಿರ್ರನೆ ತಿರುಗಿ ಮರಿಮೀನಿನ ಹಾಗೆ ಮಿಂಚುತ್ತದೆ. ಊರಿನಲ್ಲಿ ಅದಕ್ಕೆ ತೋಕುಜಿಯ ಗಿರಗಿಟ್ಲೆ ಎಂದೇ ಹೆಸರು. ಹಳ್ಳದ ಇವಾನ, ಯಮಾಮೆ ಮೀನುಗಳು ಅದನ್ನು ಕಂಡು ಸುಮ್ಮನಿರಲಾರವು. ಅವು ಕಚ್ಚುವುದು ಹಸಿವಿಗಲ್ಲ, ಸಿಟ್ಟಿಗೆ ಎಂಬುದು ತೋಕುಜಿಯ ವಾದ. ತನ್ನ ಬಾಗಿಲಿಗೇ ಬಂದು ಮೆರೆಯುವವನನ್ನು ಯಾರು ತಾನೇ ಸಹಿಸುತ್ತಾರೆ ಎಂದು ಕೇಳುತ್ತಿದ್ದ. ಸಿಟ್ಟಿನ ವಿಷಯ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು.

ಗಿರಗಿಟ್ಲೆ ಮಾಡುವುದು ಅರ್ಧ ಕೆಲಸವಾದರೆ ಉಳಿದರ್ಧ ಇರುವುದು ಮಣಿಕಟ್ಟಿನಲ್ಲಿ. ಮೊಣಕಾಲಿನವರೆಗೆ ಹಿಮದ ನೀರಿನಲ್ಲಿ ನಿಂತು, ಗಿಡ್ಡ ಕೋಲಿನಿಂದ ಮಡುವಿನ ಮೇಲಂಚಿಗೆ ಎಸೆಯಬೇಕು. ನೀರು ಅದನ್ನು ನಮ್ಮ ಕಡೆಗೇ ತಳ್ಳಿಕೊಂಡು ಬರುತ್ತದೆ. ಹರಿವಿಗಿಂತ ಒಂದು ಕೂದಲೆಳೆ ಬೇಗ ರೀಲು ಸುತ್ತುತ್ತ, ನಡುನಡುವೆ ಮಣಿಕಟ್ಟನ್ನು ಕೊಂಚ ಕೊಡವಬೇಕು. ನಿಧಾನವಾದರೆ ತಗಡು ತಿರುಗದೆ ತರಗೆಲೆಯಾಗುತ್ತದೆ. ಜೋರಾದರೆ ಮೀನು ಅನುಮಾನಪಟ್ಟು ಬಂಡೆಯಡಿಗೆ ಸರಿಯುತ್ತದೆ. ತೋಕುಜಿಯ ಬಲಗೈ ಈ ಲೆಕ್ಕವನ್ನು ತಲೆಗೆ ಕೇಳದೆಯೇ ಮಾಡುತ್ತಿತ್ತು. ತಗಡಿನ ಅಂಚು ಮಡಿಚುವುದೂ ಅದೇ ಕೈ, ಅದೇ ಮಣಿಕಟ್ಟು.

ನಮ್ಮಲ್ಲಿ ಹಳ್ಳವನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತ ಮೀನು ಹಿಡಿಯುತ್ತಾರೆ. ಮೀನು ಹರಿವಿಗೆ ಮುಖ ಮಾಡಿ ನಿಂತಿರುತ್ತದೆ, ಬೆನ್ನ ಹಿಂದಿನಿಂದ ಬರುವವನು ಅದಕ್ಕೆ ಕಾಣುವುದಿಲ್ಲ. ಆದರೆ ಒಬ್ಬ ನಡೆದುಹೋದ ನೀರಿನಲ್ಲಿ ಅವತ್ತು ಇನ್ನೊಬ್ಬನಿಗೆ ಸಿಗುವುದು ತಣ್ಣನೆಯ ಕಾಲು ಮಾತ್ರ. ಅದಕ್ಕೇ ಹಳ್ಳಕ್ಕಿಳಿಯುವವನು ಕಾಲುದಾರಿಯ ಬಾಯಲ್ಲಿ ಬೆಳೆದ ಕುರುಚಲು ಬಿದಿರಿನ ಎರಡು ಕಡ್ಡಿ ಬಗ್ಗಿಸಿ ಗಂಟು ಹಾಕಿ ಹೋಗುತ್ತಾನೆ, ಮರಳಿ ಬರುವಾಗ ಬಿಚ್ಚುತ್ತಾನೆ. ಗಂಟು ಕಂಡವನು ತುಟಿಪಿಟಕ್ಕೆನ್ನದೆ ಬೇರೆ ಹಳ್ಳ ನೋಡಿಕೊಳ್ಳಬೇಕು. ಗಂಟು ಹಾಕದೆ, ಕಾಡಿನ ಕಡೆಯಿಂದ ಇಳಿದು ಇನ್ನೊಬ್ಬನ ಮುಂದೆ ಹೋದವನಿಗೆ ನಮ್ಮಲ್ಲಿ ನೀರುಗಳ್ಳ ಎನ್ನುತ್ತಾರೆ. ಅಕ್ಕಿ ಕದ್ದವನನ್ನಾದರೂ ಹಸಿದಿದ್ದ ಪಾಪ ಎಂದು ಬಿಡುವ ಜನ, ನೀರುಗಳ್ಳನ ಮಗನಿಗೆ ಹೆಣ್ಣು ಕೊಡುವಾಗಲೂ ಎರಡು ಸಲ ಯೋಚಿಸುತ್ತಾರೆ. ಜೊತೆಯಾಗಿ ಇಬ್ಬರು ಹೋದರೆ ಪ್ರತಿ ಮಡುವಿನಲ್ಲೂ ಮೊದಲ ಎಸೆತ ಹಿರಿಯನದು.

ತೋಕುಜಿಯ ಜೊತೆಗಾರ ಅವನ ಭಾಮೈದ ಯೊನೆಜೊ, ಹೆಂಡತಿ ಕಿನುವಿನ ತಮ್ಮ. ಅಕ್ಕ ತಮ್ಮ ಚಿಕ್ಕವರಿರುವಾಗಲೇ ಅವರಪ್ಪ ಮಾಡಿನ ಹಿಮ ತಳ್ಳಲು ಹತ್ತಿ, ಜಾರಿ ಬಿದ್ದು ಸತ್ತಿದ್ದ. ಮದುವೆಯಾಗಿ ಬಂದ ಕಿನು ತಮ್ಮನನ್ನೂ ಕರೆತಂದಳು. ತೋಕುಜಿ ಅವನಿಗೆ ಗಾಳ ಕಟ್ಟುವುದರಿಂದ ಹಿಡಿದು ಗಡ್ಡ ಬೋಳಿಸುವುದರವರೆಗೆ ಎಲ್ಲ ಕಲಿಸಿದ, ದೊಡ್ಡವನಾದ ಮೇಲೆ ಪಕ್ಕದಲ್ಲೇ ಮನೆ ಕಟ್ಟಿಸಿ ಮಾಡಿಗೆ ತಾನೇ ತಗಡು ಹೊದಿಸಿದ. ಮಾರ್ಚ್ ಕೊನೆಗೆ ಮೀನು ಹಿಡಿಯುವ ಕಾಲ ತೆರೆದರೆ ಸಾಕು, ಭಾವ ಮುಂದೆ, ಭಾಮೈದ ಹಿಂದೆ, ಇಬ್ಬರೂ ತೊಚಿಸಾವ ಹಳ್ಳದಲ್ಲಿ. ಮೂವತ್ತು ವಸಂತ ಹೀಗೇ ನಡೆಯಿತು. ಬಿಸಿನೀರ ಬುಗ್ಗೆಯ ವಸತಿಗೃಹದಲ್ಲಿ ವರ್ಷದ ಮೊದಲ ಇವಾನ ಮೀನನ್ನು ಕಡ್ಡಿಗೆ ಚುಚ್ಚಿ ಕೆಂಡದ ಸುತ್ತ ನಿಲ್ಲಿಸಿದರೆ, ಅದು ತೋಕುಜಿ ತಂದದ್ದೇ ಎಂದು ಯಾರೂ ಕೇಳದೆ ತಿಳಿದುಕೊಳ್ಳುತ್ತಿದ್ದರು. ಅಲ್ಲಿನ ಅಡುಗೆಮನೆಯಲ್ಲಿ ಮೀನು ಸೀಳಿ ಉಪ್ಪು ಹಚ್ಚುತ್ತಿದ್ದವಳು ಕಿನು.

ಆಮೇಲೆ ತೋಕುಜಿ ಬಿದ್ದ. ಚಳಿಗಾಲಕ್ಕೆ ಮುಂಚೆ, ಶಾಲೆಯ ಮಾಡಿನ ಮೇಲೆ, ಇಬ್ಬನಿ ಕಟ್ಟಿದ ತಗಡಿನ ಮೇಲೆ ಕಾಲಿಟ್ಟು. ಕೆಳಗೆ ಒಣಗಿದ ಹುಲ್ಲಿನ ರಾಶಿ ಇತ್ತು, ಜೀವ ಉಳಿಯಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಒಂದು ಇಡೀ ವಸಂತವನ್ನು ಅವನು ಕೈಗೆ ಪಟ್ಟಿ ಸುತ್ತಿಕೊಂಡು ಕಿಟಕಿಯಲ್ಲಿ ಕಳೆದ. ಪಟ್ಟಿ ಬಿಚ್ಚಿದ ವೈದ್ಯರು ಮೂಳೆ ಕೂಡಿದೆ, ಕೆಲಸ ಮಾಡಬಹುದು ಎಂದರು. ತೋಕುಜಿಗೆ ಅಷ್ಟು ಸಾಲದು. ವೈದ್ಯರಿಗೆ ಮೂಳೆ ಗೊತ್ತು, ಕೈ ಗೊತ್ತಿಲ್ಲ ಎಂದ. ಮನೆಗೆ ಬಂದವನೇ ಕಿನುವಿಗೆ ತನ್ನ ತೀರ್ಮಾನ ಹೇಳಿದ: ಹಳ್ಳವೇ ಹೇಳಲಿ. ಬರುವ ವಸಂತದಲ್ಲಿ ಗಿರಗಿಟ್ಲೆಗೆ ಮೀನು ಬಿತ್ತೋ, ಮಾರನೇ ದಿನವೇ ಏಣಿ ಹತ್ತುತ್ತೇನೆ. ಬೀಳಲಿಲ್ಲವೋ, ಕೈ ಸತ್ತಿದೆ ಎಂದುಕೊಂಡು ಅಂಗಡಿ ಮುಚ್ಚುತ್ತೇನೆ. ಕಿನು ಅನ್ನ ಬಡಿಸುತ್ತಿದ್ದಳು. ಆಯ್ತು ಎಂದಳು.

ಮುಂದಿನ ವಸಂತ ಅವನು ಒಬ್ಬನೇ ಹೊರಟ. ನಡುಗುವ ಕೈಯನ್ನು ಭಾಮೈದನಿಗೆ ತೋರಿಸಲು ನಾಚಿಕೆ. ಯೊನೆಜೊ ಕೂಡ ಒತ್ತಾಯ ಮಾಡಲಿಲ್ಲ. ನನಗೂ ಸೊಂಟ ನೋವು ಭಾವ, ಬಂಡೆ ಹತ್ತಲಾಗುವುದಿಲ್ಲ, ಇನ್ನು ಕೆಳಗಿನ ದೊಡ್ಡ ಹೊಳೆಯಲ್ಲೇ ಎಸೆಯುತ್ತೇನೆ ಎಂದ. ದಾರಿಯ ಬಾಯಲ್ಲಿ ಗಂಟಿರಲಿಲ್ಲ. ತೋಕುಜಿ ತಾನು ಗಂಟು ಹಾಕಿ ಇಳಿದ. ಬೆಳಗಿನ ನೀರು ತಿಳಿಯಾಗಿತ್ತು. ಮಧ್ಯಾಹ್ನ ಮೇಲಿನ ಹಿಮ ಕರಗಿ ನೀರು ಹಾಲಿನ ಬಣ್ಣಕ್ಕೆ ತಿರುಗುವವರೆಗೂ ಅವನು ಎಸೆದ, ಸುತ್ತಿದ, ಎಸೆದ. ಒಂದು ಮೀನೂ ಹಿಂದೆ ಬಂದು ಮೂಸಿ ನೋಡಲಿಲ್ಲ. ಎರಡು ದಿನ ಬಿಟ್ಟು ಹೋದ, ಹಾಗೆಯೇ. ವಾರ ಬಿಟ್ಟು ಹೋದ, ಹಾಗೆಯೇ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತೋಕುಜಿಯದು ತಿರುಗಾಮುರುಗಾ; ನೆಲ ನಿಜಕ್ಕೂ ಡೊಂಕಿದ್ದಾಗ ತನ್ನ ಕಾಲನ್ನೇ ಬೈದುಕೊಂಡ ಮನುಷ್ಯ. ಗಂಟಿಲ್ಲ ಎಂದರೆ ಹಳ್ಳದಲ್ಲಿ ಯಾರೂ ಇಲ್ಲ, ಯಾರೂ ಇಲ್ಲ ಎಂದರೆ ತಪ್ಪು ಕೈಯದು. ನಮ್ಮ ಕಣಿವೆಯಲ್ಲಿ ಹುಟ್ಟಿದ ಯಾರೂ ಬೇರೆ ರೀತಿ ಯೋಚಿಸುತ್ತಿರಲಿಲ್ಲ. ಪೇಟೆಯವನಾಗಿದ್ದರೆ ಮೊದಲ ದಿನವೇ ಅನುಮಾನಪಡುತ್ತಿದ್ದ.

ಸಾಕೆ ಮದ್ಯದ ಅಂಗಡಿಯ ಬೆಂಚಿನ ಮೇಲೆ ಕೂರುವವರಿಗೆ ಹಬ್ಬವಾಯಿತು. ಮೀನುಗಳಿಗೆಲ್ಲ ತೋಕುಜಿ ನಿವೃತ್ತಿಯಾದ ಸುದ್ದಿ ಹೋಗಿದೆ ಎಂದು ಒಬ್ಬ. ಅಲ್ಲ, ಇಷ್ಟು ವರ್ಷ ಅವನ ಬೈಗುಳಕ್ಕೆ ಹೆದರಿ ಕಚ್ಚುತ್ತಿದ್ದವು, ಈಗ ಅವನ ದನಿಯೂ ಸಣ್ಣಗಾಗಿದೆ ಎಂದು ಇನ್ನೊಬ್ಬ. ದನಿ ಸಣ್ಣಗಾಗಿದ್ದು ನಿಜ. ಹಿಂದಿನ ತೋಕುಜಿಯಾಗಿದ್ದರೆ ಬೆಂಚು ಸಮೇತ ಎತ್ತಿ ಹಿಮಕ್ಕೆ ಎಸೆಯುತ್ತಿದ್ದ. ಈಗ ಬಟ್ಟಲು ಖಾಲಿ ಮಾಡಿ ಎದ್ದುಹೋಗುತ್ತಿದ್ದ.

ಮಾತು ಎಂದರೆ ಮಾತು. ಆ ಬೇಸಿಗೆಯಲ್ಲಿ ಅಂಗಡಿ ಮುಚ್ಚಿದ. ಅಪ್ಪನ ಕಾಲದ ತಗಡು ಕತ್ತರಿ, ಮರದ ಸುತ್ತಿಗೆಗಳು, ಅಂಚು ಮಡಿಚುವ ಕಬ್ಬಿಣದ ಇಕ್ಕಳಗಳು, ಎಲ್ಲವನ್ನೂ ಕೆಳಗಿನ ಪೇಟೆಯ ತಗಡು ಕೆಲಸದವನಿಗೆ ಕೊಟ್ಟುಬಿಟ್ಟ. ಸಾಮಾನನ್ನು ಲಾರಿಗೆ ಹೊತ್ತು ಹಾಕಿದವನು ಯೊನೆಜೊ. ಕೊನೆಯ ಪೆಟ್ಟಿಗೆ ಹೋಗುವಾಗ ಕಿನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ದುಃಖಕ್ಕೆ ಎಂದುಕೊಂಡ ತೋಕುಜಿ, ಒಳಗೆ ಹೋಗಿ ಅವಳಿಗೇ ಸಮಾಧಾನ ಹೇಳಿದ.

ಆಮೇಲೂ ಎರಡು ವಸಂತ ಹಳ್ಳಕ್ಕೆ ಹೋಗುವುದನ್ನು ಬಿಡಲಿಲ್ಲ. ಒಂದೇ ಒಂದು ಮೀನು ಸಿಕ್ಕಿದರೆ ಸಾಕು, ಸಾಯುವ ಮೊದಲು ಕೈಯನ್ನು ಕ್ಷಮಿಸಬಹುದು ಎಂಬ ಆಸೆ. ಹಿಂದಿನ ಸಂಜೆ ಕಿನುವಿಗೆ ಹೇಳುತ್ತಿದ್ದ, ಅವಳು ಅನ್ನದ ಉಂಡೆ ಕಟ್ಟಿಕೊಡುತ್ತಿದ್ದಳು. ಖಾಲಿ ಬುಟ್ಟಿ ತಂದಾಗ ಅವಳು ಏನೂ ಕೇಳುತ್ತಿರಲಿಲ್ಲ. ಸ್ನಾನಕ್ಕೆ ನೀರು ಕಾದಿದೆ ಎನ್ನುತ್ತಿದ್ದಳು, ಮಣಿಕಟ್ಟಿಗೆ ಬಿಸಿ ಬಟ್ಟೆ ಸುತ್ತುತ್ತಿದ್ದಳು. ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಎಂದು ಅವನಿಗೆ ಅನ್ನಿಸುತ್ತಿತ್ತು. ಬಾಯಿಬಿಟ್ಟು ಒಮ್ಮೆ ಹೇಳಿಯೂ ಇದ್ದ, ಅವನ ಸ್ವಭಾವಕ್ಕೆ ಅದು ದೊಡ್ಡ ಮಾತು.

ಈ ವಸಂತ ಅವನು ಇನ್ನು ಸಾಕು ಎಂದು ನಿರ್ಧರಿಸಿದ. ನಾಳೆ ಕೊನೆಯ ಸಲ ಹೋಗಿಬರುತ್ತೇನೆ, ಆಮೇಲೆ ಕೋಲನ್ನೂ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಕಿನುವಿಗೆ ಹೇಳಿದ. ಬೆಳಗ್ಗೆ ದಾರಿಯ ಬಾಯಲ್ಲಿ ಗಂಟು ಹಾಕಿದ ಮೇಲೆ ಮನಸ್ಸು ಬದಲಾಯಿತು. ಕೆಳಗಿನ ಮಡುಗಳಲ್ಲಿ ಮತ್ತೆ ಅವಮಾನ ಪಡುವುದು ಯಾಕೆ? ಹುಡುಗನಾಗಿದ್ದಾಗ ಮೊದಲ ಮೀನು ಹಿಡಿದದ್ದು ಮೇಲೆ, ನೀರು ಧುಮುಕುವ ಅಬ್ಬಿಯ ಕೆಳಗಿನ ಮಡುವಿನಲ್ಲಿ. ಅಲ್ಲಿಗೇ ಹೋಗಿ ನಾಲ್ಕು ಸಲ ಎಸೆದು, ಉಂಡೆ ತಿಂದು ಬಂದುಬಿಡೋಣ ಎಂದುಕೊಂಡು ಹಳ್ಳ ಬಿಟ್ಟು ಗುಡ್ಡ ಹತ್ತಿದ. ಬೀಚ್ ಮರಗಳ ಬುಡದಲ್ಲಿ ಹಿಮ ಬಾವಿಯ ಹಾಗೆ ದುಂಡಗೆ ಕರಗಿತ್ತು. ಚಿಗುರು ಇನ್ನೂ ಬಿಚ್ಚಿರಲಿಲ್ಲ.

ಹಳ್ಳಕ್ಕೆ ಇಳಿದಾಗ ಒಣಬಂಡೆಯ ಮೇಲೆ ಒಂದು ಒದ್ದೆ ಗುರುತು ಕಂಡಿತು. ಕರಡಿ ಎಂದುಕೊಂಡು ಸ್ವಲ್ಪ ಹೊತ್ತು ಉಸಿರು ಹಿಡಿದು ನಿಂತ. ಮುಂದಿನ ಬಂಡೆಯಲ್ಲಿ ಇನ್ನೊಂದು, ಅದರಾಚೆ ಮತ್ತೊಂದು. ಉದ್ದನೆಯ ಗುರುತು, ಬೂಟಿನದು, ತುದಿ ಹಳ್ಳದ ಮೇಲ್ಗಡೆಗೆ. ಅಂಚು ಕೂಡ ಒಣಗಿರಲಿಲ್ಲ. ದಡದಲ್ಲಿ ಹಿಮ ಇದ್ದ ಕಡೆಯೆಲ್ಲ ಆ ಮನುಷ್ಯ ನೀರಿನಲ್ಲೇ ನಡೆದಿದ್ದ, ಹಿಮದಲ್ಲಿ ಹೆಜ್ಜೆ ಬೀಳದ ಹಾಗೆ.

ಮೊದಲು ಬಂದದ್ದು ಸಿಟ್ಟು, ಅದರ ಹಿಂದೆಯೇ ಏನೋ ಒಂದು ಉಲ್ಲಾಸ. ಯಾವನೋ ಪೇಟೆಯ ನೀರುಗಳ್ಳ ಕೊನೆಗೂ ಸಿಕ್ಕಿಬಿದ್ದ! ಇವತ್ತು ಮಾತ್ರವೇ ಬಂದವನೋ, ಇಷ್ಟು ವರ್ಷವೂ ಬಂದವನೋ? ಹಾಗಾದರೆ ಕೈ? ಬೈಗುಳವನ್ನು ನಾಲಗೆಯ ಮೇಲೆ ಸಜ್ಜು ಮಾಡಿಕೊಂಡು ಬಂಡೆಯ ತಿರುವು ದಾಟಿದ. ಅಬ್ಬಿಯ ಮಡುವಿನಲ್ಲಿ ಬೆನ್ನು ತಿರುಗಿಸಿ ನಿಂತವನ ಎಡ ಹೆಗಲು ಬಲಕ್ಕಿಂತ ಕೊಂಚ ಕೆಳಗಿತ್ತು. ಆ ಹೆಗಲನ್ನು ಮೂವತ್ತು ವರ್ಷ ನೋಡಿದವನಿಗೆ ಮುಖ ನೋಡಬೇಕಾಗಿರಲಿಲ್ಲ.

ಯೊನೆಜೊ ಎಸೆದ. ಸೊಂಟ ನೋವಿನವನ ಎಸೆತವಲ್ಲ ಅದು. ನೀರಿನಲ್ಲಿ ಕೆಂಪಗೆ ಮಿಂಚಿದ್ದು ತಾಮ್ರ. ತೋಕುಜಿಯೇ ಬಡಿದು ಕೊಟ್ಟಿದ್ದ ಗಿರಗಿಟ್ಲೆ. ಕೋಲು ಬಾಗಿತು, ಕಿತ್ತಳೆ ಹೊಟ್ಟೆಯ ಇವಾನ ಒಂದು ದಡಕ್ಕೆ ಬಂತು. ಮೀನನ್ನು ಬುಟ್ಟಿಗೆ ಹಾಕಿ ತಿರುಗಿದ ಯೊನೆಜೊನ ಮುಖದಲ್ಲಿ ರಕ್ತವೇ ಇಂಗಿಹೋಯಿತು.

"ಭಾವ, ನೀವು ಇನ್ನೂ ಕೆಳಗಿನ ಮಡುಗಳಲ್ಲಿ ಇರ್ಬೇಕಿತ್ತಲ್ವಾ," ಎಂದ.

ತೋಕುಜಿ ಸಜ್ಜು ಮಾಡಿಕೊಂಡಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. "ಯಾವಾಗಿನಿಂದ?" ಎಂದು ಮಾತ್ರ ಕೇಳಿದ.

"ನಿಮ್ಮ ಪಟ್ಟಿ ಬಿಚ್ಚಿದ ಮೇಲಿನಿಂದ."

"ನಾನು ಬಂದಾಗೆಲ್ಲಾ?"

ಯೊನೆಜೊ ತಲೆ ತಗ್ಗಿಸಿದ. ಅಬ್ಬಿಯ ಸದ್ದಿಗೆ ಮಾತು ಕೇಳಿಸಲೆಂದು ತೋಕುಜಿ ಹತ್ತಿರ ಹೋಗಬೇಕಾಯಿತು. ಭಾಮೈದ ಒಂದು ಹೆಜ್ಜೆ ಹಿಂದೆ ಸರಿದ, ಹೊಡೆಯುತ್ತಾನೆ ಎಂದುಕೊಂಡಿರಬೇಕು. ಹೊಡೆಯುವ ಕೈ ಎಲ್ಲಿತ್ತು? ಅದನ್ನು ಸತ್ತಿದೆ ಎಂದು ನಂಬಿಸಿ ಆಗಿತ್ತಲ್ಲ.

"ನಾನು ಅಂಗಡಿ ಮುಚ್ಚಿದೆ ಕಣೋ," ಎಂದ ತೋಕುಜಿ. "ಅಪ್ಪನ ಸುತ್ತಿಗೆ ಕೊಟ್ಬಿಟ್ಟೆ. ಲಾರಿಗೆ ಹೊತ್ತು ಹಾಕಿದವನು ನೀನೇ. ಆಗ್ಲೂ ಬಾಯಿ ಬಿಡ್ಲಿಲ್ವಲ್ಲೋ ನೀನು."

ಯೊನೆಜೊ ಕೋಲನ್ನು ಬಂಡೆಗೆ ಒರಗಿಸಿದ. ಆಮೇಲೆ ಹೇಳಿದ:

"ಮೂವತ್ತು ವರ್ಷ ನಿಮ್ಮ ಹಿಂದೆ ನಡೆದೆ ಭಾವ. ನೀವು ಎಸೆದು ಕದಡಿದ ನೀರಲ್ಲಿ ಎಸೀತಿದ್ದೆ. ಯಾರೂ ಮುಟ್ಟದ ಮಡು ಹೇಗಿರತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಒಂದ್ಸಲ ಗೊತ್ತಾದ್ಮೇಲೆ ಬಿಡಕ್ಕಾಗ್ಲಿಲ್ಲ." ಬುಟ್ಟಿಯ ಮುಚ್ಚಳ ಹಾಕುತ್ತ, "ಆದ್ರೆ ಅಕ್ಕ..." ಎಂದು ಏನೋ ಶುರುಮಾಡಿದ.

"ಅಕ್ಕನ ಹೆಸರು ಎತ್ತಬೇಡ," ಎಂದು ತೋಕುಜಿ ಅಲ್ಲಿಗೇ ಕತ್ತರಿಸಿದ. ಅಕ್ಕನಿಗೆ ಹೇಳಬೇಡಿ ಎಂದು ಬೇಡಿಕೊಳ್ಳಲು ಹೊರಟಿದ್ದಾನೆ, ನೀರುಗಳ್ಳ, ಹೆಂಗಸಿನ ಮರೆಗೆ ನಿಲ್ಲುವವನು ಎಂದುಕೊಂಡ.

ಅಬ್ಬಿಯ ಪಕ್ಕದ ಬೇರು ಹಿಡಿದು ತೋಕುಜಿ ಮೇಲೆ ಹತ್ತಿದ. ಮೇಲೆ ಹಳ್ಳ ಕಿರಿದು, ಮಡುಗಳು ಸಣ್ಣವು, ಆದರೆ ಆ ನೀರಿನಲ್ಲಿ ಅವತ್ತು ಯಾರ ಕಾಲೂ ಬಿದ್ದಿರಲಿಲ್ಲ. ಹಿತ್ತಾಳೆಯ ಗಿರಗಿಟ್ಲೆ ಕಟ್ಟಿದ. ಮೊದಲ ಮಡುವಿನ ಮೇಲಂಚಿಗೆ ಎಸೆದ. ಸುತ್ತಿದ, ಮಣಿಕಟ್ಟು ತನ್ನಷ್ಟಕ್ಕೆ ಕೊಡವಿತು. ಬಂಡೆಯ ನೆರಳಿನಿಂದ ಒಂದು ಕಪ್ಪು ಬೆನ್ನು ಬಾಣದ ಹಾಗೆ ಬಂದು ಗಾಳವನ್ನು ಕಚ್ಚಿ ತಿರುಗಿತು. ಕೋಲಿನ ಮೂಲಕ ಆ ಜಗ್ಗು ಮಣಿಕಟ್ಟಿಗೆ, ಮೊಣಕೈಗೆ, ಎದೆಗೆ ಬಂದು ತಾಗಿದಾಗ ತೋಕುಜಿ ಜೋರಾಗಿ ಅತ್ತುಬಿಟ್ಟ. ಅರವತ್ತು ದಾಟಿದ ಗಂಡಸು, ಮೊಣಕಾಲುದ್ದ ನೀರಿನಲ್ಲಿ ನಿಂತು, ಕೈಯಲ್ಲಿ ಒದ್ದಾಡುವ ಮೀನು ಹಿಡಿದುಕೊಂಡು. ಎರಡನೆಯ ಮಡುವಿನಲ್ಲಿ ಇನ್ನೊಂದು ಸಿಕ್ಕಿತು, ಅದರ ಮೇಲಿನದರಲ್ಲಿ ಮತ್ತೊಂದು. ಅಲ್ಲಿಗೆ ನಿಲ್ಲಿಸಿದ. ಕೈಗೆ ಏನೂ ಆಗಿರಲಿಲ್ಲ, ಯಾವತ್ತೂ ಆಗಿರಲಿಲ್ಲ.

ಇಳಿಯುವಾಗ ಯೊನೆಜೊ ಅಲ್ಲಿರಲಿಲ್ಲ. ದಾರಿಯುದ್ದಕ್ಕೂ ತೋಕುಜಿಯ ತಲೆಯಲ್ಲಿ ಒಂದು ಮುಳ್ಳು ಆಡುತ್ತಿತ್ತು. ನೀವು ಇನ್ನೂ ಕೆಳಗಿನ ಮಡುಗಳಲ್ಲಿ ಇರ್ಬೇಕಿತ್ತಲ್ವಾ. ಇವತ್ತು ಬರುತ್ತೇನೆಂದು ಅವನಿಗೆ ಹೇಗೆ ಗೊತ್ತು? ಪ್ರತಿ ಸಲವೂ ಹೇಗೆ ಗೊತ್ತಾಯಿತು? ಹಳ್ಳಕ್ಕೆ ಹೋಗುವ ದಿನವನ್ನು ಊರಿನಲ್ಲಿ ಯಾರಿಗೂ ಹೇಳುವ ರೂಢಿ ಅವನಿಗಿರಲಿಲ್ಲ, ನಗುತ್ತಾರೆಂದು. ಹೇಳುತ್ತಿದ್ದದ್ದು ಒಬ್ಬಳಿಗೆ. ಅಷ್ಟಕ್ಕೆ ಬಂದು ಮನಸ್ಸು ಮೊಂಡು ಎತ್ತಿನ ಹಾಗೆ ನಿಂತುಬಿಟ್ಟಿತು. ಪಕ್ಕದ ಮನೆಯವನು, ಹಿಂದಿನ ಸಂಜೆ ಬೂಟಿಗೆ ಎಣ್ಣೆ ಹಚ್ಚುವುದನ್ನು ನೋಡಿರುತ್ತಾನೆ ಎಂದು ತಾನೇ ಸಮಾಧಾನ ಹೇಳಿಕೊಂಡ. ಬೇಲಿಯೇ ಎದ್ದು ಹೊಲ ಮೇದದ್ದನ್ನು ಈಗಷ್ಟೇ ನೋಡಿ ಬಂದವನು, ಮನೆಯ ಗೋಡೆಯನ್ನಾದರೂ ನಂಬಬೇಕಿತ್ತು.

ಇನ್ನೂ ಒಂದು ತೀರ್ಮಾನ ಮಾಡಿದ. ಇವತ್ತು ಯೊನೆಜೊನ ಹೆಸರು ಎತ್ತುವುದು ಬೇಡ. ತಾಯಿಯ ಹಾಗೆ ಸಾಕಿದ ತಮ್ಮ ನೀರುಗಳ್ಳ ಎಂದು ತಿಳಿದರೆ ಕಿನುವಿನ ಎದೆ ಒಡೆದೀತು. ಮೊದಲು ಸಂತೋಷದ ಸುದ್ದಿ ಹೇಳೋಣ. ನಾಳೆಯೋ ನಾಡಿದ್ದೋ, ಮೆಲ್ಲಗೆ, ಉಳಿದದ್ದು.

ಕಿನು ಅಡುಗೆಮನೆಯಲ್ಲಿ ಹೊಸದಾಗಿ ಕಿತ್ತ ಫುಕಿ ಸೊಪ್ಪಿನ ಮೊಗ್ಗುಗಳನ್ನು ಸೋಯಾ ಅವರೆಯ ಮಿಸೊ ಹಾಕಿ ಹುರಿಯುತ್ತಿದ್ದಳು. ತೋಕುಜಿ ಬುಟ್ಟಿಯನ್ನು ಅವಳ ಮುಂದೆ ಬಗ್ಗಿಸಿದ. ಮೂರು ಮೀನು ಹಲಗೆಯ ಮೇಲೆ ಜಾರಿದವು, ಕಿತ್ತಳೆ ಹೊಟ್ಟೆ, ಬೆನ್ನ ಮೇಲೆ ಬಿಳಿ ಚುಕ್ಕೆ. ಬಲಗೈಯನ್ನು ಎತ್ತಿ ಅವಳ ಕಣ್ಣೆದುರು ಮಣಿಕಟ್ಟು ತಿರುಗಿಸಿ ತೋರಿಸಿದ, ಚಿಕ್ಕ ಮಗು ಹೊಸ ಬಳೆ ತೋರಿಸುವ ಹಾಗೆ.

"ಕೈಗೇನೂ ಆಗಿಲ್ಲ ಕಿನು," ಎಂದ.

ಅವಳು ಮೀನು ನೋಡಿದಳು. ಆಮೇಲೆ ಒಲೆಯ ಉರಿ ತಗ್ಗಿಸಿದಳು. ಅವಳ ಮುಖದಲ್ಲಿ ಆಶ್ಚರ್ಯವೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

"ಯೊನೆ ಏನಂದ?" ಎಂದು ಕೇಳಿದಳು.

ಬಾಣಲೆಯಲ್ಲಿ ಮಿಸೊ ಸೀಯತೊಡಗಿತು. ಇಬ್ಬರಲ್ಲಿ ಯಾರೂ ಅದನ್ನು ಕೆಳಗಿಳಿಸಲಿಲ್ಲ. ತಾನು ಯೊನೆಜೊನ ಹೆಸರನ್ನೇ ಎತ್ತಿಲ್ಲವಲ್ಲ ಎಂದು ತೋಕುಜಿ ಹೇಳಬೇಕಾಗಿಯೂ ಇರಲಿಲ್ಲ. ಆಡಿದ ಮಾತು ಏನೆಂದು ಅವಳಿಗೇ ಹೊಳೆದು ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವನು ನೆಲದ ಮೇಲೆ ಕೂತ. ದಾರಿಯಲ್ಲಿ ಮೊಂಡು ಹಿಡಿದಿದ್ದ ಮನಸ್ಸು ಈಗ ತಾನಾಗಿಯೇ ಹೆಜ್ಜೆ ಹಾಕಿತು. ಹಿಂದಿನ ಸಂಜೆಗಳು, ಅನ್ನದ ಉಂಡೆ, ಬಿಸಿ ಬಟ್ಟೆ. ವಸತಿಗೃಹದ ಅಡುಗೆಮನೆಯಲ್ಲಿ ದೊಡ್ಡ ಹೊಳೆಯದೆಂದು ಯೊನೆಜೊ ತಂದು ಹಾಕಿದ ಮೀನುಗಳನ್ನು ಸೀಳಿದವಳು ಇವಳೇ. ತೊಚಿಸಾವದ ಮೀನಿನ ಹೊಟ್ಟೆಯ ಬಣ್ಣ ಇವಳಿಗೆ ಗೊತ್ತಿಲ್ಲದ್ದೇ?

"ನಾನೇ ಹೇಳಿದ್ದು ಅವನಿಗೆ," ಎಂದಳು ಕಿನು. ಅವಳ ದನಿ ಅದುರಲಿಲ್ಲ. "ಮೀನು ಬಿದ್ರೆ ಮಾರನೇ ದಿನ ಏಣಿ ಹತ್ತುತ್ತೀನಿ ಅಂದ್ರಲ್ಲ ನೀವು. ಅವನು ಒಲ್ಲೆ ಅಂದ. ಕಾಲು ಹಿಡ್ಕೊಂಡೆ. ನಮ್ಮಪ್ಪನ್ನ ಅಂಗಳದಿಂದ ಎತ್ತಿದ್ದು ನೆನಪಿದೆಯಾ ಅಂತ ಕೇಳಿದೆ. ಒಂದು ವಸಂತ ಸಾಕು ಅಂದಿದ್ದೆ. ಆಮೇಲೆ ಅವನಿಗೆ ರುಚಿ ಹತ್ತಿತು, ನನಗೆ ಭಯ ಹೋಗ್ಲಿಲ್ಲ."

ಎಷ್ಟು ಹೊತ್ತಾದರೂ ತೋಕುಜಿಗೆ ಸಿಟ್ಟು ಬರಲಿಲ್ಲ. ಯೊನೆಜೊನ ಮೇಲೆ ಬಂದಿತ್ತು, ಅದು ಬೆಚ್ಚಗಿತ್ತು, ಅದನ್ನು ಹಿಡಿದುಕೊಂಡು ಬದುಕಬಹುದಿತ್ತು. ಇಲ್ಲಿ ಹಿಡಿಯಲು ಏನೂ ಸಿಗಲಿಲ್ಲ. ಕದ್ದವನು ಕದ್ದ; ಇವಳು ಕದಿಯಲು ಕಳಿಸಿ, ಬರಿಗೈಯಲ್ಲಿ ಬಂದವನ ಕೈಗೆ ಬಿಸಿ ಬಟ್ಟೆ ಸುತ್ತಿದ್ದಳು. ಊರೆಲ್ಲ ನಗುವಾಗ ಸುಮ್ಮನಿದ್ದಳು. ಅಂಗಡಿ ಖಾಲಿಯಾದ ದಿನ ತಾನು ಇವಳ ಬೆನ್ನು ಸವರಿದ್ದು ನೆನಪಾಗಿ ಅವನಿಗೆ ಮೈಯೆಲ್ಲ ನಾಚಿಕೆಯಾಯಿತು.

"ಹತ್ತಬೇಡಿ ಅಂತ ನನ್ನ ಹತ್ರಾನೇ ಒಂದು ಮಾತು ಹೇಳ್ಬಹುದಿತ್ತು," ಎಂದ.

"ಹೇಳಿದ್ರೆ ಕೇಳ್ತಿದ್ರಾ?"

ತೋಕುಜಿ ಸುಳ್ಳು ಹೇಳುವವನಲ್ಲ. "ಇಲ್ಲ," ಎಂದ.

"ಮತ್ತೆ?" ಎಂದಳು ಕಿನು, ಅಷ್ಟು ಹೊತ್ತಿಗೆ ಅವಳಿಗೂ ಅಳು ಬಂದಿತ್ತು. "ಬದುಕಿದ್ದೀರಲ್ಲ. ಅಷ್ಟು ಸಾಕಿತ್ತು ನಂಗೆ."

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಅದೇ ಅವನನ್ನು ಹೆಚ್ಚು ನೋಯಿಸಿತು. ಅವಳ ಲೆಕ್ಕದಲ್ಲಿ ಅವನ ಉಸಿರು ಇತ್ತು, ಅವನು ಇರಲಿಲ್ಲ. ಮೀನುಗಳಿಗೆ ಅವಳು ಉಪ್ಪು ಹಚ್ಚಿದಳು, ಕೆಂಡದ ಸುತ್ತ ನಿಲ್ಲಿಸಿದಳು, ಬೆಂದಾಗ ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಅವನು ತಿನ್ನಲಿಲ್ಲ, ಅವಳೂ ತಿನ್ನಲಿಲ್ಲ. ಕೊನೆಗೆ ಬೆಕ್ಕು ತಿಂದಿತು. ಮೂರು ವಸಂತ ಕಾದ ಮೀನು ಬೆಕ್ಕಿನ ಪಾಲಾದದ್ದಕ್ಕೆ ಹಿಂದಿನ ತೋಕುಜಿಯಾಗಿದ್ದರೆ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದ.

ಬೆಳಗ್ಗೆ ಅವನು ಕೆಲಸದ ಅಂಗಿ ಹುಡುಕಿ ತೆಗೆದ. ಪೆಟ್ಟಿಗೆಯ ತಳದಲ್ಲಿ ಮಡಿಕೆ ಕೂಡ ಮಾಸದೆ ಇತ್ತು, ಕಿನು ಒಗೆದು ಇಟ್ಟದ್ದು. ಕೆಳಗಿನ ಪೇಟೆಗೆ ಹೋಗಬೇಕು, ತನ್ನ ಸಾಮಾನು ಯಾರ ಹತ್ತಿರ ಇದೆಯೋ ಅವನ ಬಾಗಿಲಲ್ಲಿ ನಿಂತು ಕೂಲಿಯಾಳಾಗಿಯಾದರೂ ತೆಗೆದುಕೋ ಎಂದು ಕೇಳಬೇಕು. ಕೊಟ್ಟದ್ದನ್ನು ವಾಪಸು ಕೇಳುವುದು ಆಗುವ ಮಾತಲ್ಲ. ಅಪ್ಪನ ಸುತ್ತಿಗೆಯನ್ನು ಇನ್ನೊಬ್ಬನ ಅಪ್ಪಣೆ ಕೇಳಿ ಹಿಡಿಯಬೇಕು. ಹಿಡಿಯುತ್ತೇನೆ, ಕೈ ಇದೆ ಎಂದುಕೊಂಡ.

ಕಿನು ಹೊಸ್ತಿಲಲ್ಲಿ ಅವನ ಬೂಟುಗಳನ್ನು ಹೊರಮುಖವಾಗಿ ತಿರುಗಿಸಿ ಇಟ್ಟು ಮಂಡಿಯೂರಿ ಕೂತಿದ್ದಳು. ಎಲ್ಲಿಗೆ ಎಂದು ಕೇಳಲಿಲ್ಲ, ಅಂಗಿ ನೋಡಿಯೇ ತಿಳಿದುಕೊಂಡಿದ್ದಳು. ಬೂಟಿನ ದಾರ ಬಿಗಿದು ಅವನು ಎದ್ದು ನಿಂತಾಗ, ಮದುವೆಯಾದಂದಿನಿಂದ ಪ್ರತಿ ಬೆಳಗ್ಗೆ ಹೇಳುವ ಹಾಗೆ ಹೇಳಿದಳು:

"ಹೋಗ್ಬನ್ನಿ."

ಇದಕ್ಕೆ ಹೋಗಿಬರುತ್ತೇನೆ ಎನ್ನಬೇಕು. ಎಷ್ಟೇ ಜಗಳವಾದ ಮನೆಯಲ್ಲೂ ಎನ್ನುತ್ತಾರೆ. ಶಾಲೆಯ ಮಾಡು ಹತ್ತಲು ಹೊರಟ ಬೆಳಗ್ಗೆಯೂ ತೋಕುಜಿ ಅಂದಿದ್ದ. ಸಂಜೆಗೆ ಅವನು ಇಲ್ಲಿಗೇ ಬರುತ್ತಾನೆ, ಬೇರೆ ಎಲ್ಲಿಗೆ ಹೋದಾನು, ಅದು ಇಬ್ಬರಿಗೂ ಗೊತ್ತು. ಆದರೂ ಆ ಮಾತಿನ ಎರಡನೆಯ ಅರ್ಧ ಅವನ ಬಾಯಿಗೆ ಬರಲಿಲ್ಲ.

"ಹೋಗ್ತೀನಿ," ಎಂದ.

ಕಿನು ತಲೆಯೆತ್ತಿ ನೋಡುವಷ್ಟರಲ್ಲಿ ಅವನು ಅಂಗಳ ದಾಟಿ ರಸ್ತೆಗೆ ಇಳಿದಾಗಿತ್ತು.